ನೊಂದ ಬೆನ್ನಿಗೆ ಉಕ್ಕಿನ ಅಂಚು

ಕೈ ಕೆಸರಾದರೆ ಬಾಯಿ ಮೊಸರೆಂದ ಗಾದೆಯು ಸೊಂಟದ ಪಾಡನ್ನು ಮಾತ್ರ ಹೇಳಲಿಲ್ಲ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಸಿಂಧನೂರಿನ ಬಯಲು ಭತ್ತದ ಕಣಜವಾಯಿತು. ನಾಟಿ ಹಾಕುವ ಹೆಂಗಸರ ಬೆನ್ನು ದಿನವಿಡೀ ಬಾಗಿಯೇ ಉಳಿಯಿತು. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯ ಗಣಿಯಲ್ಲಿ ಚಿನ್ನದ ಅದಿರು ತೆಗೆಯುವವರ ಭುಜಗಳಿಗೂ, ಈ ಎರಡೂರುಗಳ ನಡುವಣ ಮಸ್ಕಿಯಲ್ಲಿ ಹೊಲಿಗೆಯಂತ್ರದ ಮುಂದೆ ಕೂರುವ ದರ್ಜಿಯ ಕುತ್ತಿಗೆಗೂ ಬಿಡುವಿಲ್ಲ. ಸಂಜೆಯಾದರೆ ಎಣ್ಣೆಯ ಬಟ್ಟಲು ಹೊರಬರುವುದು.

ಈಗ ನೀವುವ ಕೈಗೆ ಉಕ್ಕೂ ಜೊತೆಗೂಡಿದೆ. ನುಣುಪಾದ ಅಂಚಿನ, ತುಕ್ಕು ಹಿಡಿಯದ ಉಕ್ಕಿನ ಸಾಧನದಿಂದ ನೊಂದ ಭಾಗವನ್ನು ಮೆಲ್ಲನೆ ತೀಡುವ ಚಿಕಿತ್ಸೆಯನ್ನು ಫಿಸಿಯೊಥೆರಪಿ ಬಲ್ಲವರು ನಡೆಸುತ್ತಾರೆ. ವಿಧಾನ ತೀರ ಹೊಸದೇನಲ್ಲ. ಚೀನೀಯರ ‘ಗುವಾ ಶಾ’ ಬಹು ಹಳೆಯದು. 1990ರ ದಶಕದಲ್ಲಿ ಅಮೆರಿಕೆಯಲ್ಲಿ ಉಕ್ಕಿನ ಸಾಧನಗಳು ಬಳಕೆಗೆ ಬಂದವು.

ಗಂಟುಗಟ್ಟಿದ ಸ್ನಾಯು ಇದರಿಂದ ಕರಗಿಹೋಗುವುದೆಂದು ಹಲವರ ನಂಬಿಕೆ. ಆದರೆ ಸ್ನಾಯುಗಳನ್ನು ಹೊದೆದ ದಪ್ಪ ಪೊರೆಯನ್ನು ಹಿಗ್ಗಿಸಲು ಮನುಷ್ಯನ ಕೈಬಲ ಸಾಲದು. ತೀಡುವಿಕೆಯು ಚರ್ಮದ ನರಗಳನ್ನು ಪ್ರಚೋದಿಸಿ, ನೋವಿನ ಅರಿವನ್ನು ಕೊಂಚ ಹೊತ್ತು ತಗ್ಗಿಸುತ್ತದೆಂಬುದೇ ಹೆಚ್ಚು ಒಪ್ಪತಕ್ಕ ವಿವರಣೆ. ಆ ಕೊಂಚ ಹೊತ್ತೇ ಅಮೂಲ್ಯವಾದುದು. ಆಗಲೇ ಬಿಗಿದ ತೋಳನ್ನು ಎತ್ತಬೇಕು, ಸೊಂಟವನ್ನು ಹಿಂದಕ್ಕೆ ಬಾಗಿಸಬೇಕು. ದಿನದಿನದ ವ್ಯಾಯಾಮದಿಂದ ಸ್ನಾಯುವಿಗೆ ಬಲ ತುಂಬಬೇಕು. ಬರಿದೇ ತೀಡಿಸಿಕೊಂಡು ಮನೆಗೆ ಮರಳಿದವರಿಗೆ ನೋವೂ ಬೆನ್ನ ಹಿಂದೆಯೇ ಮರಳುವುದು.

ತೀಡಿದೆಡೆ ಕೆಂಪೇರುವುದು ಸಹಜ. ನೀಲಿಗಟ್ಟಿದಷ್ಟೂ ಗುಣ ಹೆಚ್ಚೆಂಬುದು ಭ್ರಮೆ. ರಕ್ತ ತೆಳುವಾಗಿಸುವ ಔಷಧ ಸೇವಿಸುವವರು, ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಳೆದುಕೊಂಡವರು ಮೊದಲೇ ತಿಳಿಸತಕ್ಕದ್ದು. ಗಾಯ, ಹೊಸ ಮೂಳೆಮುರಿತ, ಇದ್ದಕ್ಕಿದ್ದಂತೆ ಊದಿ ನೋಯುವ ಮೀನಖಂಡ, ಇವುಗಳ ಮೇಲೆ ಸಾಧನ ಸೋಕಕೂಡದು. ಬೆನ್ನುನೋವಿನೊಡನೆ ಕಾಲು ಸೋತರೆ, ತೊಡೆಸಂದಿನಲ್ಲಿ ಜೋಮು ಹಿಡಿದರೆ, ಮೂತ್ರದ ಹತೋಟಿ ತಪ್ಪಿದರೆ ಅದು ನರ ಅದುಮಿದ ಕುರುಹಾಗಿರಬಹುದು. ಆಗ ನೀವುವುದರಲ್ಲಿ ಒಂದು ದಿನವನ್ನೂ ಕಳೆಯದೆ ದೊಡ್ಡ ಆಸ್ಪತ್ರೆಗೆ ಧಾವಿಸಬೇಕು. ತಡವಾದರೆ ಕಾಲಿನ ಬಲವೇ ಹೋದೀತು.

ನೋವು ಬಾರದಂತೆ ಕಾಯುವ ಉಪಾಯವೂ ಉಂಟು. ಕೆಲಸದ ನಡುವೆ ಆಗಾಗ ನೆಟ್ಟಗೆ ನಿಂತು, ಸೊಂಟಕ್ಕೆ ಕೈಯಿಟ್ಟು, ಎರಡು ಬಾರಿ ಹಿಂದಕ್ಕೆ ಬಾಗುವುದು. ದರ್ಜಿ ತಾನೇ ಎದ್ದು ನಿಂತಾನು. ಕೂಲಿಯ ಹೆಂಗಸಿಗೆ ಆ ಬಿಡುವನ್ನು ಗದ್ದೆಯ ಒಡೆಯನೇ ಕೊಡಬೇಕು. ತಟ್ಟೆಯ ಅನ್ನವನ್ನು ನೆಟ್ಟ ಬೆನ್ನಿಗೆ ಅಷ್ಟಾದರೂ ಸಲ್ಲಬೇಡವೇ?