"ಎಲ್ಲಾ ಆಟೋದಲ್ಲಿದೆ ಮೇಡಂ!"

ಈಗ ನಮ್ಮ ಕಡೆ ಮದುವೆಯೆಂದರೆ ವಾಲಗದವರಿಗಿಂತ ಮೊದಲು ಡ್ರೋನಿನವನನ್ನು ಗೊತ್ತುಮಾಡುತ್ತಾರೆ. ಅದಿಲ್ಲದಿದ್ದರೆ ಬೀಗರ ಮುಂದೆ ಮರ್ಯಾದೆ ಉಳಿಯುವುದಿಲ್ಲವಂತೆ! ಖರ್ಚಿನ ಬಗ್ಗೆ ನನ್ನ ತಕರಾರಿಲ್ಲ. ತಕರಾರಿರುವುದು ದುಡ್ಡು ಎಣಿಸಿಕೊಂಡವನು ಕೊಡುವ ಒಂದು ಉತ್ತರದ ಮೇಲೆ. ಹೆಂಗಸರು ಏನು ಕೇಳಿದರೂ ಅವನದು ಒಂದೇ ಮಾತು: "ಎಲ್ಲಾ ಆಟೋದಲ್ಲಿದೆ ಮೇಡಂ, ನೀವು ತಲೆ ಕೆಡಿಸ್ಕೋಬೇಡಿ."

ನಾನು ತಲೆ ಕೆಡಿಸಿಕೊಳ್ಳಬೇಕಾಯಿತು.

ಎರಡು ವರ್ಷದ ಹಿಂದೆ ಅಕ್ಕನ ಮಗಳ ಮದುವೆ. ಅಕ್ಕ ಜೀವಮಾನವೆಲ್ಲ ಫೋಟೋದಿಂದ ತಪ್ಪಿಸಿಕೊಂಡವಳು. ಯಾವ ಆಲ್ಬಂ ತೆರೆದರೂ ಅವಳು ಅಡುಗೆಮನೆಯಲ್ಲಿ, ಇಲ್ಲವೇ ಯಾರದೋ ಹೆಗಲ ಹಿಂದೆ ಅರ್ಧ ಮುಖ. ಅಂದು ಮುಸ್ಸಂಜೆ ದಿಬ್ಬಣ ಬಂದಾಗ, ಮೇಲೆ ಗುಂಯ್ಗುಡುತ್ತಿದ್ದ ಯಂತ್ರವನ್ನು ಕಂಡು ಥಟ್ಟನೆ ಮುಖವೆತ್ತಿ, ಚಿಕ್ಕ ಹುಡುಗಿಯ ಹಾಗೆ ನಕ್ಕು ಕೈ ಬೀಸಿದಳು. ಐದು ತಿಂಗಳಿಗೆ ಹೋಗಿಬಿಟ್ಟಳು.

ಗೋಡೆಗೆ ಹಾಕಲು ಫೋಟೋ ಬೇಕಲ್ಲ? ಅಕ್ಕ ನಗುತ್ತಿರುವುದು ಆ ಒಂದೇ ಕಡೆ. ಡ್ರೋನಿನ ಹುಡುಗನನ್ನು ಕೇಳಿದೆವು. "ಫೋಟೋ ಬೇರೆ ತೆಗೆದಿಲ್ಲ ಮೇಡಂ. ವಿಡಿಯೋ 4ಕೆ ಇದೆ, ಎಲ್ಲಿ ಬೇಕಾದ್ರೂ ನಿಲ್ಲಿಸಿ ಕಟ್ ಮಾಡ್ಕೊಡ್ತೀನಿ" ಎಂದ. ಕೊಟ್ಟ. ಅದರಲ್ಲಿ ಅಕ್ಕನ ಕೈಯೇ ಇರಲಿಲ್ಲ, ಕೈಯಿದ್ದ ಜಾಗದಲ್ಲಿ ಒಂದು ಎಳೆತ. ಮುಖ ಸೆರಗಿನಿಂದ ಒರೆಸಿದ ರಂಗೋಲಿಯ ಹಾಗೆ. ವಿಡಿಯೋ ಓಡಿಸಿದರೆ ಅಕ್ಕ ನಗುತ್ತಾಳೆ, ನಿಲ್ಲಿಸಿದರೆ ಮಾಯವಾಗುತ್ತಾಳೆ!

ಬೆಂಗಳೂರಿನಲ್ಲಿ ಕ್ಯಾಮೆರಾ ಕೆಲಸದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿನಿಗೆ ಫೋನು ಮಾಡಿದೆ. ಅವಳು ಟೀಚರಿಗೇ ಪಾಠ ಹೇಳಿದಳು. ಶಟರ್ ಎಂದರೆ ಕ್ಯಾಮೆರಾದ ರೆಪ್ಪೆ. ಅದು ಎಷ್ಟು ಹೊತ್ತು ತೆರೆದಿರುತ್ತದೋ ಅಷ್ಟು ಹೊತ್ತಿನ ಚಲನೆಯೆಲ್ಲ ಒಂದೇ ಚಿತ್ರದಲ್ಲಿ ಬೀಳುತ್ತದೆ. ವಿಡಿಯೋದಲ್ಲಿ ಸೆಕೆಂಡಿಗೆ 25 ಚಿತ್ರವಿದ್ದರೆ ಶಟರ್ ಅದರ ಎರಡರಷ್ಟು, ಅಂದರೆ 1/50 ಸೆಕೆಂಡು ಇರಬೇಕೆಂಬುದು ವಾಡಿಕೆ. ಹಳೆಯ ಫಿಲ್ಮ್ ಕ್ಯಾಮೆರಾಗಳಲ್ಲಿ ಅರ್ಧ ಭಾಗ ತೆರೆದ ತಟ್ಟೆಯೊಂದು ತಿರುಗುತ್ತಿತ್ತು. ಸೆಕೆಂಡಿಗೆ 24 ಚಿತ್ರವಾದರೆ ಒಂದೊಂದಕ್ಕೂ 1/48 ಸೆಕೆಂಡು ಬೆಳಕು. ಈ ನಿಯಮ ಅಲ್ಲಿಂದ ಬಂದದ್ದು. ಪ್ರತಿ ಚಿತ್ರದಲ್ಲೂ ಇರುವ ತುಸು ಮಸುಕೇ ಒಂದನ್ನು ಇನ್ನೊಂದಕ್ಕೆ ಬೆಸೆಯುತ್ತದೆ. ಫೋಟೋಕ್ಕೆ ಆ ಮಸುಕೇ ಶತ್ರು. ಕೈ ಬೀಸುವವರನ್ನು, ಓಡುವವರನ್ನು ಹಿಡಿಯಬೇಕಾದರೆ 1/500, 1/1000 ಬೇಕು.

ನಾನು ಕಲಿಸುವುದು ಸಮಾಜ ವಿಜ್ಞಾನ, ಆದರೂ ಈ ಲೆಕ್ಕ ನನಗೆ ಕಷ್ಟವಾಗಲಿಲ್ಲ. ಸೆಕೆಂಡಿಗೆ 5 ಮೀಟರ್ ಓಡುವ ಹುಡುಗಿ 1/50 ಸೆಕೆಂಡಿನಲ್ಲಿ 10 ಸೆಂಟಿಮೀಟರ್ ಮುಂದೆ ಹೋಗಿರುತ್ತಾಳೆ. 1/1000ದಲ್ಲಿ ಬರೀ ಅರ್ಧ ಸೆಂಟಿಮೀಟರ್. ತೊವ್ವೆಗೆ ಹಾಕುವ ಉಪ್ಪು ಉಪ್ಪಿನಕಾಯಿಗೆ ಸಾಲದು ಎಂದು ತಿಳಿದ ನಮಗೆ ಇದು ತಿಳಿಯುವುದಿಲ್ಲವೆ?

ಇನ್ನೊಂದು ತಮಾಷೆ ಕೇಳಿ. ನಮ್ಮ ಶಾಲೆಯ ಕ್ರೀಡಾದಿನಕ್ಕೂ ಇಂಥದೇ ಡ್ರೋನು ಬಂತು. ನಡುಮಧ್ಯಾಹ್ನದ ಬಿಸಿಲು. ವಿಡಿಯೋದಲ್ಲಿ ನಮ್ಮ ಹುಡುಗಿಯರು ಓಡಲಿಲ್ಲ. ಸೂತ್ರದ ಬೊಂಬೆಗಳ ಹಾಗೆ ಟಕಟಕನೆ ಜಿಗಿದರು. ಬೆಳಕು ಹೆಚ್ಚಾದದ್ದರಿಂದ ಆಟೋ ತಾನಾಗಿಯೇ ಶಟರನ್ನು ಸಾವಿರಗಟ್ಟಲೆಗೆ ಏರಿಸಿತ್ತು. ಮುಸ್ಸಂಜೆಯಲ್ಲಿ ಅದೇ ಆಟೋ ಇಳಿಸಿ ಅಕ್ಕನನ್ನು ಅಳಿಸಿತ್ತು. ಆಟೋ ನೋಡುವುದು ಮುಖ್ಯವಾಗಿ ಬೆಳಕನ್ನು. ಕೆಳಗೆ ಯಾರಿದ್ದಾರೆ, ಅವರು ಯಾಕೆ ನಗುತ್ತಿದ್ದಾರೆ, ನಾಳೆ ಯಾರಿಗೆ ಆ ನಗು ಬೇಕಾಗುತ್ತದೆ ಎಂಬುದು ಅದಕ್ಕೆ ಹೇಗೆ ಗೊತ್ತು? ಅದನ್ನು ತಿಳಿಯಲೆಂದೇ ಒಬ್ಬ ಮನುಷ್ಯನಿಗೆ ಸಂಬಳ ಕೊಡುವುದು.

ಅವರ ವಾದವೂ ನನಗೆ ಗೊತ್ತು. 4ಕೆ ಎಂದರೆ ಪ್ರತಿ ಚಿತ್ರದಲ್ಲೂ ಸುಮಾರು 83 ಲಕ್ಷ ಚುಕ್ಕಿ ಎನ್ನುತ್ತಾರೆ. ನಿಜ. ಆದರೆ ಮಸುಕಾದದ್ದನ್ನು 83 ಲಕ್ಷ ಚುಕ್ಕಿಯಲ್ಲಿ ಬರೆದರೂ ಮಸುಕೇ. ಅಷ್ಟು ಮೇಲಿನಿಂದ ಯಾರಿಗೆ ಗೊತ್ತಾಗುತ್ತದೆ ಎನ್ನುತ್ತಾರೆ. ಗೋಪುರ, ತೋಟ, ಹೊಳೆ ತೆಗೆದರೆ ಗೊತ್ತಾಗದು, ಒಪ್ಪಿದೆ. ಆದರೆ ಮದುವೆಯವರು ದುಡ್ಡು ಕೊಡುವುದು ತೋಟ ನೋಡಲಿಕ್ಕಲ್ಲವಲ್ಲ!

ಇನ್ನೊಂದು ನೆಪ ಬಿಸಿಲಿನದು. ಸಣ್ಣ ಡ್ರೋನುಗಳಲ್ಲಿ ಬಹುಪಾಲು ಲೆನ್ಸಿನ ಕಿಂಡಿ ಕಿರಿದು ಮಾಡಲು ಬರುವುದಿಲ್ಲ. ಅದಕ್ಕೇ ಎನ್‌ಡಿ ಫಿಲ್ಟರ್ ಎಂಬ ಕಪ್ಪು ಗಾಜು ಇರುವುದು. 64ನೇ ನಂಬರಿನದು ಬೆಳಕಿನ 64ರಲ್ಲಿ ಒಂದು ಪಾಲನ್ನು ಮಾತ್ರ ಒಳಗೆ ಬಿಡುತ್ತದೆ. 1/3200 ಬೇಡುತ್ತಿದ್ದ ಬಿಸಿಲಿನಲ್ಲಿ 1/50 ಸಾಕಾಗುತ್ತದೆ. ಫೋಟೋಕ್ಕೆ ಯಂತ್ರವನ್ನು ಇಳಿಸಿ, ಗಾಜು ಬಿಚ್ಚಿ, ಮತ್ತೆ ಹಾರಿಸಬೇಕು. ಐದು ನಿಮಿಷದ ಕೆಲಸ. ಆ ಐದು ನಿಮಿಷವನ್ನು ಉಳಿಸಲಿಕ್ಕೇ ಅಲ್ಲವೆ, ನಮಗೆ ಆಟೋದ ಪುರಾಣ ಹೇಳುವುದು? ಮುಸ್ಸಂಜೆಯಲ್ಲಿ ಗಾಜೇ ಬೇಡ. ಶಟರ್ ಚುರುಕು ಮಾಡಿ ಐಎಸ್‌ಒ ಏರಿಸಿದರೆ ಚಿತ್ರ ಸ್ವಲ್ಪ ಕಾಳುಕಾಳಾಗುತ್ತದೆ, ಅಷ್ಟೆ. ಆಗಲಿ! ಕಾಳುಕಾಳಾದರೂ ಅವಳು ನನ್ನ ಅಕ್ಕನೇ. ಅಳಿಸಿಹೋದವಳನ್ನು ಯಾರೆಂದು ಗುರುತಿಸಲಿ?

ಹುಡುಗನ ಮೇಲೆ ನನಗೆ ದ್ವೇಷವಿಲ್ಲ. ಆದರೆ ಕೇಳುವವರಿಲ್ಲದ ಕಡೆ ಕಲಿಯುವವರೂ ಇರುವುದಿಲ್ಲ. ಸೀರೆ ಕೊಳ್ಳುವಾಗ ಅಂಚು ತಿರುವಿ, ಎಳೆ ಬಿಡಿಸಿ ನೋಡುವ ನಾವು, ಸಾವಿರಾರು ರೂಪಾಯಿಯ ಈ ಕೆಲಸಕ್ಕೆ ಮುಂಗಡ ಕೊಡುವಾಗ ಬಾಯಿ ಕಟ್ಟಿ ಕೂರುತ್ತೇವೆ. ಇನ್ನು ಮೇಲೆ ಎರಡು ಪ್ರಶ್ನೆ ಕೇಳೋಣ. ಫೋಟೋ ಬೇರೆಯಾಗಿ ತೆಗೆಯುತ್ತೀಯೋ, ವಿಡಿಯೋದಿಂದ ಕತ್ತರಿಸುತ್ತೀಯೋ? ಎರಡಕ್ಕೂ ಶಟರ್ ಎಷ್ಟೆಷ್ಟು ಇಡುತ್ತೀಯಪ್ಪ? ಮತ್ತೆ ಆಟೋ ಎಂದರೆ ಮುಂಗಡದ ದುಡ್ಡು ಪರ್ಸಿನಲ್ಲೇ ಇರಲಿ.

ಅಕ್ಕನ ಮನೆಯ ಗೋಡೆಯ ಮೇಲೆ ಈಗ ಮತದಾರರ ಗುರುತಿನ ಚೀಟಿಯಿಂದ ದೊಡ್ಡದು ಮಾಡಿಸಿದ ಫೋಟೋ ಇದೆ. ಅದರಲ್ಲಿ ಅವಳ ಮುಖ ಸ್ಪಷ್ಟವಾಗಿದೆ. ನಗು ಮಾತ್ರ ಇಲ್ಲ.