ಗಾಳಕ್ಕೆ ಸಿಗದ ಮೀನು

ಮೀನು ಹಿಡಿಯುವವನು ಮೀನಿನ ಹಿಂದೆ ಓಡುವುದಿಲ್ಲ. ಗಾಳಕ್ಕೆ ಎರೆಹುಳು ಸಿಕ್ಕಿಸಿ ದಡದಲ್ಲಿ ಸುಮ್ಮನೆ ಕೂರುತ್ತಾನೆ. ನಮ್ಮ ಹಣಕ್ಕೆ ಇಮೇಲ್ ಗಾಳ ಹಾಕುವವರ ಕ್ರಮವೂ ಇದೇ. ಅದಕ್ಕೆ ಇಂಗ್ಲಿಷಿನಲ್ಲಿ ಫಿಶಿಂಗ್ ಎಂದೇ ಹೆಸರು. ಎಫ್ ಬದಲು ಪಿ-ಎಚ್ ಹಾಕಿ ಬರೆಯುತ್ತಾರೆ, ಅಷ್ಟೆ.

ಗಾಳ ಹೇಗಿರುತ್ತದೆ? "ಪ್ರಿಯ ಗ್ರಾಹಕರೇ, ನಿಮ್ಮ ಪಾವತಿ ಖಾತೆಯ ಕೆವೈಸಿ ಅವಧಿ ಮುಗಿದಿದೆ. 24 ಗಂಟೆಯೊಳಗೆ ಕೆಳಗಿನ ಲಿಂಕ್ ಒತ್ತದಿದ್ದರೆ ಖಾತೆ ಬಂದ್ ಆಗುತ್ತದೆ." ಮೇಲೆ ಬ್ಯಾಂಕಿನದ್ದೇ ಲಾಂಛನ, ಅದೇ ಬಣ್ಣ. ಲಿಂಕ್ ಒತ್ತಿದರೆ ತೆರೆಯುವ ಪುಟವೂ ಅಸಲಿಯಂತೆಯೇ ಕಾಣುತ್ತದೆ. ಅಲ್ಲಿ ತುಂಬಿದ ಪಾಸ್‌ವರ್ಡ್, ಒಟಿಪಿ ಮಾತ್ರ ನೇರವಾಗಿ ಕಳ್ಳನ ಕೈಗೆ. ತಿಂಗಳೆಲ್ಲ ಕಾದ ಪಿಂಚಣಿ ನಿಮಿಷದಲ್ಲಿ ಮಾಯ.

ನಾನು ಬ್ಯಾಂಕಿನ ಕೌಂಟರಿನಲ್ಲಿ ಕೂರುತ್ತಿದ್ದ ಕಾಲದಲ್ಲಿ ಚೆಕ್ಕು ಬಂದರೆ ನಾಲ್ಕು ಕಡೆ ಕಣ್ಣು ಹಾಯಿಸುತ್ತಿದ್ದೆವು: ತಾರೀಖು, ಅಂಕಿಯಲ್ಲಿ ಬರೆದ ಮೊತ್ತ, ಅಕ್ಷರದಲ್ಲಿ ಬರೆದ ಮೊತ್ತ, ಸಹಿ. "ಬಸ್ಸಿಗೆ ಹೊತ್ತಾಯ್ತು, ಬೇಗ ಕೊಡಿ ಸ್ವಾಮಿ" ಎಂದು ಅವಸರ ಮಾಡಿದವರ ಚೆಕ್ಕನ್ನು ಇನ್ನೊಮ್ಮೆ ನೋಡುವುದು ನಮ್ಮ ರೂಢಿ. ಇಮೇಲ್‌ಗೂ ಅದೇ ಕಣ್ಣು ಬೇಕು.

ಮೊದಲು ವಿಳಾಸ ನೋಡಿ. ಮಕ್ಕಳೇ, 'ಹೋಟೆಲ್ ಮೈಸೂರು, ದಾವಣಗೆರೆ' ಎಂಬ ಬೋರ್ಡು ಕಂಡರೆ ಆ ಹೋಟೆಲು ಯಾವ ಊರಿನಲ್ಲಿದೆ? ದಾವಣಗೆರೆಯಲ್ಲಿ ತಾನೆ? ಇಂಟರ್‌ನೆಟ್ ವಿಳಾಸದಲ್ಲೂ ಊರು ಕೊನೆಯಲ್ಲಿರುತ್ತದೆ. 'ನಮ್ಮಬ್ಯಾಂಕ್ ಡಾಟ್ ಬೇಗಬನ್ನಿ ಡಾಟ್ ಕಾಮ್' ಎಂದಿದ್ದರೆ ಅದರ ಯಜಮಾನ 'ಬೇಗಬನ್ನಿ', ಬ್ಯಾಂಕ್ ಅಲ್ಲ. ಆರ್ ಮತ್ತು ಎನ್ ಸಣ್ಣಕ್ಷರಗಳನ್ನು ಅಂಟಿಸಿ ಎಂ ಎಂದು ನಂಬಿಸುವವರಿದ್ದಾರೆ. ಓ ಅಕ್ಷರದ ಜಾಗದಲ್ಲಿ ಸೊನ್ನೆ ಕೂರಿಸುವವರೂ ಇದ್ದಾರೆ. ಅಜ್ಜ-ಅಜ್ಜಿಯ ಕನ್ನಡಕಕ್ಕೆ ಕಾಣದ್ದು ನಿಮ್ಮ ಕಣ್ಣಿಗೆ ಕಾಣುತ್ತದೆ.

ನಮ್ಮ ದೇಶದ ಬ್ಯಾಂಕುಗಳ ಜಾಲತಾಣಗಳೆಲ್ಲ 'ಡಾಟ್ ಬ್ಯಾಂಕ್ ಡಾಟ್ ಇನ್' ಎಂದೇ ಕೊನೆಯಾಗಬೇಕು ಎಂದು ರಿಸರ್ವ್ ಬ್ಯಾಂಕ್ 2025ರಲ್ಲಿ ಸೂಚಿಸಿ, ಅಕ್ಟೋಬರ್ 31ರ ಗಡುವು ಕೊಟ್ಟಿತು. ಈ ಬಾಲ ಬೇರೆಯವರಿಗೆ ಸಿಗದು. ಆದರೆ ಕಳುಹಿಸಿದವರ ವಿಳಾಸವನ್ನೇ ನಕಲು ಮಾಡುವ ಚತುರರೂ ಇದ್ದಾರೆ. ಆದ್ದರಿಂದ ಎಲ್ಲ ಸರಿಯಾಗಿ ಕಂಡರೂ ಇಮೇಲಿನ ಲಿಂಕ್ ಒತ್ತುವುದು ಬೇಡ. ಎಂದಿನ ಆ್ಯಪನ್ನು ನೀವೇ ತೆರೆದು ನೋಡಿ. ನಿಜವಾದ ಸಂಗತಿಯಾದರೆ ಅಲ್ಲಿ ತಿಳಿಯುತ್ತದೆ. ಸಂಶಯ ಉಳಿದರೆ ಪಾಸ್‌ಬುಕ್ ಹಿಡಿದು ಶಾಖೆಗೆ ಹೋಗಿ ಕೇಳಿ.

"ನಿಮಗೆ ಹಣ ವಾಪಸ್ ಬರಲಿದೆ, ಪಿನ್ ಹಾಕಿ" ಎನ್ನುವ ಸಂದೇಶವೂ ಒಂದು ಎರೆಹುಳು. ಯುಪಿಐ ಪಿನ್ ಬೇಕಾಗುವುದು ಹಣ ಕೊಡಲು, ಪಡೆಯಲು ಅಲ್ಲ.

ಇಷ್ಟಾದರೂ ಯಾರಾದರೂ ಗಾಳ ಕಚ್ಚಿದರೆ? ಕಳ್ಳನಿಗೆ ಮೊದಲು ನಮ್ಮ ಅವಸರ ನೆರವಾಗುತ್ತದೆ, ಆಮೇಲೆ ನಮ್ಮ ನಾಚಿಕೆ. "ಮಗ ಬೈಯುತ್ತಾನೆ, ಮೊಮ್ಮಕ್ಕಳು ನಗುತ್ತಾರೆ" ಎಂದು ಹಿರಿಯರು ಬಾಯಿಬಿಡದೆ ಕೂತಷ್ಟು ಹೊತ್ತು ಹಣ ಖಾತೆಯಿಂದ ಖಾತೆಗೆ ಜಾರುತ್ತಲೇ ಇರುತ್ತದೆ. ತಕ್ಷಣ 1930ಕ್ಕೆ ಫೋನ್ ಮಾಡಿ. ಇದು ದೇಶದ ಸೈಬರ್ ವಂಚನೆ ಸಹಾಯವಾಣಿ. ಬ್ಯಾಂಕಿಗೂ ತಿಳಿಸಿ. ಬೇಗ ತಿಳಿಸಿದರೆ ಹಣವನ್ನು ದಾರಿಯಲ್ಲೇ ತಡೆಹಿಡಿಯುವ ಸಾಧ್ಯತೆ ಇದೆ.

ಮಕ್ಕಳೇ, ನಿಮ್ಮ ಅಜ್ಜಿ "ನೋಡೋ ಪುಟ್ಟಾ, ಏನೋ ಒತ್ತಿಬಿಟ್ಟೆ" ಎಂದರೆ ನಗಬೇಡಿ. ಇನ್ನೊಮ್ಮೆ ಹೇಳಲು ಅವರು ಅಂಜಬಾರದು.

ಈ ವಾರದ ಮನೆಗೆಲಸ: ಎಟಿಎಂ ಕಾರ್ಡಿನ ಹಿಂಬದಿಯಲ್ಲಿರುವ ಬ್ಯಾಂಕಿನ ಫೋನ್ ನಂಬರನ್ನೂ 1930 ಅನ್ನೂ ದಪ್ಪ ಅಕ್ಷರದಲ್ಲಿ ಬರೆದು, ಗೋಡೆಯ ಕ್ಯಾಲೆಂಡರಿನ ಪಕ್ಕ ಅಂಟಿಸಿ. ಅಜ್ಜನ ಕಣ್ಣಿಗೆ ಕನ್ನಡಕವಿಲ್ಲದೆಯೂ ಕಾಣುವಷ್ಟು ದಪ್ಪಗಿರಲಿ.