ಅಣ್ಣನ ಗಾಲ್ಫ್ ದಾಂಡುಗಳು

ಮೈಸೂರಿನಿಂದ ವಾಚಕರೊಬ್ಬರು ಬರೆದಿರುವ ಕಾಗದವು ನಮ್ಮ ಮುಂದಿರುವುದು. ಉದ್ಯೋಗದಿಂದ ನಿವೃತ್ತರಾದ ಈ ಮಹನೀಯರು ಅರುವತ್ತನೆಯ ವಯಸ್ಸಿನಲ್ಲಿ ಗಾಲ್ಫ್ ಕಲಿಯಲು ತೊಡಗಿರುವರು. ಆ ಆಟದಲ್ಲಿ ನಿಪುಣರಾಗಿದ್ದ ಅವರ ಅಣ್ಣಂದಿರು ಕಳೆದ ವರ್ಷ ದಿವಂಗತರಾಗಿ, ಅವರ ಐರನ್ನುಗಳು ತಮ್ಮನ ಪಾಲಿಗೆ ಬಂದಿವೆ. “ಅಣ್ಣನ ಕೈಯಲ್ಲಿ ಹೇಳಿದಂತೆ ಕೇಳುತ್ತಿದ್ದ ದಾಂಡು ನನ್ನ ಕೈಯಲ್ಲಿ ಬರಿಯ ಕಬ್ಬಿಣವಾಗಿದೆ. ಇವನ್ನು ಮಾರಿ ಹೊಸದನ್ನು ಕೊಳ್ಳಿರೆಂದು ಅಂಗಡಿಯವರು ಹೇಳುತ್ತಾರೆ. ಮಾರಲು ಮನಸ್ಸು ಬಾರದು. ಏನು ಮಾಡಲಿ?” ಎಂದು ಕೇಳಿರುವರು.

ಬೆಂಗಳೂರಿನ ಗಾಲ್ಫ್ ಕ್ಲಬ್ಬು 1876ರಷ್ಟು ಹಿಂದೆಯೇ ಸ್ಥಾಪಿತವಾದರೂ ನಮ್ಮ ಮನೆಗಳಲ್ಲಿ ಈ ಆಟದ ಪರಿಚಯ ಕಡಮೆ. ಆದುದರಿಂದ ಎರಡು ಮಾತು. ತೆಳ್ಳನೆಯ ಲೋಹದ ತಲೆಯುಳ್ಳ ದಾಂಡುಗಳಿಗೆ ಐರನ್ನುಗಳೆಂದು ಹೆಸರು. ಒಂದೊಂದಕ್ಕೂ ಒಂದು ಅಂಕಿಯುಂಟು. ಅಂಕಿಯು ಹೆಚ್ಚಿದಷ್ಟೂ ಕೋಲು ಗಿಡ್ಡ, ಮುಖವು ಹೆಚ್ಚು ಓರೆ. ಚೆಂಡು ಮೇಲಕ್ಕೇರಿ ಹತ್ತಿರದಲ್ಲಿ ಬೀಳುವುದು. ಎಲ್ಲ ಬಗೆಯ ದಾಂಡುಗಳೂ ಸೇರಿ 14ನ್ನು ಮೀರಕೂಡದೆಂದು ನಿಯಮವಿದೆ. ಹೊಸಬರಿಗೆ ಅದರಲ್ಲಿ ಅರ್ಧ ಸಾಕು.

ಅಣ್ಣಂದಿರವು ‘ಬ್ಲೇಡ್’ ಎಂಬ ಜಾತಿಯವು. ಇವುಗಳ ಭಾರವೆಲ್ಲ ತಲೆಯ ನಡುವೆ ಕೂಡಿರುವುದು. ನಟ್ಟನಡುವೆ ತಾಗಿದರೆ ಆ ಸುಖವೇ ಬೇರೆ. ಚೆಂಡನ್ನು ಎಡಕ್ಕೋ ಬಲಕ್ಕೋ ಬಾಗಿಸಿ ಕಳುಹಿಸಲೂ ನಿಪುಣರಿಗೆ ಇದೇ ಅನುಕೂಲ. ಆದರೆ ಒಂದು ಬೆರಳಿನಷ್ಟು ಆಚೆ ತಾಗಿತೋ, ತಲೆಯು ಹೊರಳಿ ಚೆಂಡು ಪೊದೆಯ ಪಾಲಾಗುವುದಲ್ಲದೆ ಮಣಿಕಟ್ಟು ಜುಮ್ಮೆನ್ನುವುದು. ಅಮೆರಿಕದ ಇಂಜಿನಿಯರಾದ ಕಾರ್ಸ್ಟನ್ ಸೋಲ್ಹೈಮ್ ಎಂಬುವರು 1959ರಲ್ಲಿ ಭಾರವನ್ನು ಎರಡು ತುದಿಗಳಿಗೆ ಸರಿಸಿ ಒಂದು ಪಟರನ್ನು ಮಾಡಿದರು. ಮುಂದಿನ ದಶಕದಲ್ಲಿ ಐರನ್ನುಗಳಿಗೂ ಅದೇ ತತ್ತ್ವವನ್ನು ಹೊಂದಿಸಿದರು. ಅಡ್ಡೆಯ ಎರಡು ತುದಿಗಳಲ್ಲಿ ತುಂಬಿದ ಕೊಡಗಳನ್ನು ತೂಗಿಕೊಂಡು ಹೊರಟವನನ್ನು ಗಿರಕ್ಕನೆ ತಿರುಗಿಸಲಾದೀತೆ? ಹಿಂಬದಿಯನ್ನು ಟೊಳ್ಳುಮಾಡಿ ಅಂಚಿಗೆ ಭಾರವಿಟ್ಟ ‘ಕ್ಯಾವಿಟಿ ಬ್ಯಾಕ್’ ಐರನ್ನು ಹೊರಳದಿರುವುದೂ ಹಾಗೆಯೇ.

ನಿಮಗೆ ಯಾವುದು ತಕ್ಕದ್ದೆಂಬುದನ್ನು ಅಂಗಡಿಯಲ್ಲಿ ಕೇಳಬೇಡಿರಿ. ಐರನ್ನಿನ ಮುಖಕ್ಕೆ ತೆಳುವಾಗಿ ಪೌಡರು ಬಳಿದು ಹತ್ತು ಚೆಂಡುಗಳನ್ನು ಹೊಡೆಯಿರಿ. ಗುರುತುಗಳೆಲ್ಲ ಒಂದು ರೂಪಾಯಿ ನಾಣ್ಯದೊಳಗೆ ಅಡಗಿದರೆ ಬ್ಲೇಡು ನಿಮ್ಮದು. ಅಂಗೈಯಗಲ ಚೆಲ್ಲಿದರೆ ಅಲ್ಲ. ಈ ಲೇಖಕನ ಗುರುತುಗಳು ಮುಖವನ್ನೂ ದಾಟಿ ಕೋಲಿನ ಬುಡಕ್ಕೆ ಬಿದ್ದಿದ್ದವೆಂದು ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ; ಹೊಳಪಿಗೆ ಮರುಳಾಗಿ ಬ್ಲೇಡು ಕೊಂಡು ಒಂದು ವರ್ಷ ಆಟವನ್ನೇ ಬಿಟ್ಟಿದ್ದೆನು. ನಿಮ್ಮ ಚೀಲ ಹೊರುವ ಕ್ಯಾಡಿಯನ್ನೂ ಕೇಳಿರಿ. 2009ರಲ್ಲಿ ಇಂಡಿಯನ್ ಓಪನ್ ಗೆದ್ದ ಬೆಂಗಳೂರಿನ ಮುನಿಯಪ್ಪನವರು ಮೊದಲು ಕ್ಯಾಡಿಯಾಗಿದ್ದವರೇ.

ಇನ್ನು ನಿಮ್ಮ ಪ್ರಶ್ನೆ. ಅಣ್ಣಂದಿರ ಒಂಬತ್ತನೆಯ ಐರನ್ನನ್ನೂ ವೆಡ್ಜನ್ನೂ ಇಟ್ಟುಕೊಂಡು ಆಡಿರಿ. ಗಿಡ್ಡನೆಯ ಇವು ಹೊಸಬನಿಗೂ ಬಗ್ಗುವುವು. ಆರು, ಏಳು, ಎಂಟನ್ನು ಮಾತ್ರ ಕ್ಯಾವಿಟಿ ಬ್ಯಾಕಿನಲ್ಲಿ ಕೊಳ್ಳಿರಿ, ಅದೂ ಬಳಸಿದವನ್ನೇ. ನಿಧಾನವಾಗಿ ಬೀಸುವ ಕೈಗೆ ಬಿರುಸಾದ ಉಕ್ಕಿನ ಕೋಲಿಗಿಂತ ಹಗುರವಾದ ಗ್ರಾಫೈಟ್ ಲೇಸು. ಮೂರು, ನಾಲ್ಕರ ಗೊಡವೆಯೇ ಬೇಡ. ಅವುಗಳ ಸ್ಥಾನದಲ್ಲಿ ಒಂದು ಹೈಬ್ರಿಡ್ ಇರಲಿ.

ಕೊಳ್ಳುವಾಗ ಅಂಕಿಯನ್ನು ನಂಬದೆ ಓರೆಯ ಡಿಗ್ರಿಯನ್ನು ಕೇಳತಕ್ಕದ್ದು. ಹಿಂದೆ 35 ಡಿಗ್ರಿಯ ಸುಮಾರಿನಲ್ಲಿದ್ದ ಏಳನೆಯ ಐರನ್ನನ್ನು ಈಗ ಎಷ್ಟೋ ತಯಾರಕರು 30ಕ್ಕೆ ಇಳಿಸಿ, “ನೋಡಿರಿ, ಎಷ್ಟು ದೂರ ಹೋಗುವುದು!” ಎನ್ನುವರು. ಹೋಗದೆ ಏನು? ಅದು ಹಳೆಯ ಆರನೆಯದೇ ತಾನೆ! ಹೊಸ ಎಂಟಕ್ಕೂ ಅಣ್ಣಂದಿರ ಒಂಬತ್ತಕ್ಕೂ ನಡುವೆ ಬಹಳ ಅಂತರ ಬಿದ್ದರೆ ಮಧ್ಯದ ದೂರಕ್ಕೆ ದಾಂಡೇ ಇಲ್ಲದಂತಾಗುವುದು.

ಅಣ್ಣಂದಿರು ನಿಮಗಿಂತ ಎತ್ತರವಾಗಿದ್ದರೆಂದು ಬರೆದಿರುವಿರಿ. ಹಾಗಾದರೆ ಆ ಎರಡು ದಾಂಡುಗಳನ್ನು ಸ್ವಲ್ಪ ಗಿಡ್ಡಮಾಡಿಸಬೇಕಾದೀತು. ಆಗಲೇ ಹಿಡಿಯ ಹಳೆಯ ರಬ್ಬರನ್ನೂ ಬದಲಾಯಿಸಿರಿ. ಉಳಿದವನ್ನು ಎಣ್ಣೆ ಸವರಿ, ಬಟ್ಟೆ ಸುತ್ತಿ ಒಣಗಿದ ಜಾಗದಲ್ಲಿಡಿರಿ.